ಕೊಯ್ಲಿಗೆ ಮುನ್ನ ಮೂರು ದಿನ: ಊಟಿಯ ಕೆರೆ ದಂಡೆಯಲ್ಲಿ ನಾಲ್ವರು ಬೆಳೆಗಾರರು

ಬೆಳೆಗಾರನಿಗೆ ರಜೆ ಎಂಬುದೇ ಇಲ್ಲ ಎಂದು ನಾವೆಲ್ಲರೂ ಹೇಳುತ್ತ ಬಂದಿದ್ದೇವೆ. ನೌಕರಿಯವರಿಗೆ ಭಾನುವಾರವಿದೆ, ಶಾಲೆಯವರಿಗೆ ಬೇಸಿಗೆ ರಜೆಯಿದೆ; ತೋಟಕ್ಕೆ ಮಾತ್ರ ಕ್ಯಾಲೆಂಡರಿನ ಕೆಂಪಂಕಿ ಗೊತ್ತಿಲ್ಲ. ಆದರೂ ವರ್ಷದ ಕೆಲಸವನ್ನು ಬಿಡಿಸಿ ನೋಡಿದರೆ ಒಂದು ಸಣ್ಣ ಬಿಡುವು ಕಾಣುತ್ತದೆ. ಅಡಿಕೆಗೆ ಎರಡನೇ ಸಲದ ಬೋರ್ಡೋ ಹೊಡೆದು ಮುಗಿದಿರುತ್ತದೆ, ಮಳೆಯ ಜೋರು ಇಳಿದಿರುತ್ತದೆ, ಅಡಿಕೆ ಕೊಯ್ಲಾಗಲಿ ಕಾಫಿ ಕೊಯ್ಲಾಗಲಿ ಇನ್ನೂ ಭರದಿಂದ ಶುರುವಾಗಿರುವುದಿಲ್ಲ. ಗಣೇಶನ ಹಬ್ಬ ಕಳೆದ ಮೇಲಿನ ಆ ಎರಡು ವಾರಗಳಲ್ಲಿ ಮೂರು ದಿನ ಮನೆ ಬಿಟ್ಟರೆ ತೋಟವೇನೂ ಮುನಿಸಿಕೊಳ್ಳುವುದಿಲ್ಲ.

ಈ ಲೆಕ್ಕ ಹಾಕಿಯೇ ನಾವು ನಾಲ್ವರು ಮಿತ್ರರು ಕಳೆದ ಸೆಪ್ಟೆಂಬರಿನಲ್ಲಿ ಊಟಿಗೆ ಹೋಗಿಬಂದೆವು. ಮೂಡಿಗೆರೆ ಕಡೆಯ ಅರೇಬಿಕಾದವರು ನಾವು. ಜೊತೆಗೆ ಸೋಮವಾರಪೇಟೆ ಕಡೆಯ ಮೆಣಸಿನ ಬೆಳೆಗಾರರೊಬ್ಬರು, ಕೊಪ್ಪದ ಕಡೆಯ ಅಡಿಕೆ-ರೋಬಸ್ಟಾ ಬೆಳೆಗಾರರೊಬ್ಬರು, ಮತ್ತು ಗಣಿತದ ಪಾಠ ಹೇಳಿ ನಿವೃತ್ತರಾಗಿ ಎರಡೆಕರೆ ತೋಟ ನೋಡಿಕೊಂಡಿರುವ ನಮ್ಮೆಲ್ಲರ ಮೇಷ್ಟ್ರು.

ನಾಲ್ವರು ಬೆಳೆಗಾರರು ಒಂದು ಕಾರಿನಲ್ಲಿ ಕುಳಿತರೆ ಮಾತು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಕೊಪ್ಪದ ಮಿತ್ರರ ತಲೆಯಲ್ಲಿ ಒಂದೇ ವಿಷಯ ಕೊರೆಯುತ್ತಿತ್ತು. ಅವರ ಹಿಡುವಳಿಯೊಳಗೆ, ರೋಬಸ್ಟಾ ಗುಡ್ಡದ ಬುಡದಲ್ಲಿ, ಅಜ್ಜನ ಕಾಲದ ಒಂದು ಕೆರೆಯಿದೆ. ವಿಸ್ತೀರ್ಣ ಒಂದೆಕರೆ. ಹೂಳು ತುಂಬಿ ಈಗ ಜನವರಿ ಕಳೆಯುವುದರೊಳಗೆ ನೆಲ ಕಾಣುತ್ತದೆ. ಅದನ್ನು ಮುಚ್ಚಿ ಅಡಿಕೆ ಹಾಕಬೇಕೆಂದು ಅವರು ಐನೂರೈವತ್ತು ಸಸಿಗೆ ಹೇಳಿಯೂ ಇಟ್ಟಿದ್ದರು. “ಹೇಗೂ ಬೋರ್‌ವೆಲ್ ಇದೆ. ಕೆರೆ ಏನು ಕೊಡ್ತದೆ ಹೇಳಿ? ಎಮ್ಮೆ ಮೀಯ್ಲಿಕ್ಕೂ ನೀರಿಲ್ಲ. ಅಡಿಕೆಯಾದರೆ ಏಳನೇ ವರ್ಷದಿಂದ ವರ್ಷ ವರ್ಷ ದುಡ್ಡು” ಎಂಬುದು ಅವರ ವಾದ. ಗುಂಡ್ಲುಪೇಟೆಯವರೆಗೂ ಅದೇ ಮಾತು.

ಕೆರೆಯ ಕಥೆ

ಬಂಡೀಪುರ, ತೆಪ್ಪಕಾಡು ದಾಟಿ ಗೂಡಲೂರಿಗೆ ಬಂದರೆ ಕಾಫಿ, ಮೆಣಸು, ಅಡಿಕೆ, ಚಹಾ ಎಲ್ಲವೂ ಕಾಣುತ್ತವೆ. ಅಲ್ಲಿಂದ ಘಾಟಿ ಹತ್ತಿದಂತೆ ಚಹಾ ಒಂದೇ ಉಳಿಯುತ್ತದೆ, ಚಳಿ ಶುರುವಾಗುತ್ತದೆ. ಊಟಿ ಇರುವುದು ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿ. ನಾವು ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಮಂಜು ಕೆರೆಯ ಮೇಲೆ ಹಾಸಿತ್ತು, ತುಂತುರು ಮಳೆ. ಬಿಸಿ ಕಾಫಿ ಕುಡಿದು ಕೆರೆಗೆ ಹೋದೆವು. ದಂಡೆಯ ತುಂಬ ನೀಲಗಿರಿ ಮರಗಳು. ಆಸ್ಟ್ರೇಲಿಯಾದಿಂದ ಬಂದ ಮರಕ್ಕೆ ಕನ್ನಡದಲ್ಲಿ ಈ ಬೆಟ್ಟದ ಹೆಸರೇ ಅಂಟಿಕೊಂಡಿರುವುದು ವಿಶೇಷ. ನಾಲ್ವರೂ ಒಂದು ಹುಟ್ಟಿನ ದೋಣಿ ಹತ್ತಿ ಅರ್ಧ ಗಂಟೆ ಸುತ್ತಿದೆವು. ಮೆಣಸಿನ ಮಿತ್ರರು ತಾವೇ ಹುಟ್ಟು ಹಾಕುತ್ತೇನೆಂದು ಹಟ ಹಿಡಿದು, ದೋಣಿ ಇದ್ದಲ್ಲೇ ಎರಡು ಸುತ್ತು ತಿರುಗಿದಾಗ ದಂಡೆಯ ಮೇಲಿದ್ದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಊಟಿಯ ಕೆರೆ ದೇವರು ಕೊಟ್ಟದ್ದಲ್ಲ, ಮನುಷ್ಯ ಕಟ್ಟಿದ್ದು. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ 1824ರ ಸುಮಾರಿಗೆ, ಕಣಿವೆಯಲ್ಲಿ ಹರಿಯುತ್ತಿದ್ದ ತೊರೆಗಳಿಗೆ ಅಡ್ಡಲಾಗಿ ಏರಿ ಹಾಕಿಸಿ ಇದನ್ನು ಮಾಡಿಸಿದ. ಅವನು ಕಟ್ಟಿಸಿದ ‘ಕಲ್ಲು ಮನೆ’ ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಕೆರೆ ಈಗ ಸುಮಾರು 65 ಎಕರೆ ಇದೆ. ಮೊದಲು ಇದಕ್ಕಿಂತ ಬಹಳ ದೊಡ್ಡದಿತ್ತು. ಇಂದು ಬಸ್ ನಿಲ್ದಾಣವಿರುವ ಜಾಗ, ಕುದುರೆ ಓಟದ ಬಯಲು, ಲೇಕ್ ಪಾರ್ಕ್ ಇವೆಲ್ಲ ಒಂದು ಕಾಲದ ಕೆರೆಯ ಅಂಗಳವೇ. ಒಂದೊಂದು ಕಾಲದಲ್ಲಿ ಒಂದೊಂದು ಅಗತ್ಯ ಬಂತು. ಪ್ರತಿ ಅಗತ್ಯಕ್ಕೂ ಕೆರೆಯ ಒಂದು ಮೂಲೆ ಹೋಯಿತು. ಉಳಿದ ನೀರಿಗೆ ಪಟ್ಟಣದ ಕೊಳಚೆ ಬಂದು ಸೇರುತ್ತದೆ. ಕೋಡಪ್ಪಮಂದ್ ಕಾಲುವೆ ಬಂದು ಬೀಳುವ ಕಡೆ ಮೂಗು ಮುಚ್ಚಿಕೊಳ್ಳಬೇಕು. ಹೂಳೆತ್ತುವುದಕ್ಕೆ, ಅಂತರಗಂಗೆ ಕೀಳುವುದಕ್ಕೆ ಸರ್ಕಾರ ಮತ್ತೆ ಮತ್ತೆ ಹಣ ಸುರಿಯಬೇಕಾಗಿದೆ. ಕುದುರೆ ಓಟದ ಜಾಗವನ್ನು ತಮಿಳುನಾಡು ಸರ್ಕಾರ 2024ರಲ್ಲಿ ವಾಪಸು ವಶಕ್ಕೆ ತೆಗೆದುಕೊಂಡಿತು.

ಬಸ್ ನಿಲ್ದಾಣದ ಹತ್ತಿರ ಆಟೋ ಚಾಲಕರೊಬ್ಬರು, ಜೋರು ಮಳೆ ಬಂದರೆ ಈ ತಗ್ಗಿನಲ್ಲಿ ಮೊಣಕಾಲಿನವರೆಗೆ ನೀರು ನಿಲ್ಲುತ್ತದೆ ಎಂದು ತೋರಿಸಿದರು. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಅವರು ಹೇಳಿದ್ದಿಷ್ಟು: “ಇದು ಕೆರೆ ಸಾರ್. ನಾವು ಬಸ್ ಸ್ಟ್ಯಾಂಡು ಅಂತೀವಿ. ನೀರಿಗೆ ಅದು ಗೊತ್ತಿಲ್ಲ.”

ಕೊಪ್ಪದ ಮಿತ್ರರು ಆಗ ಏನೂ ಮಾತಾಡಲಿಲ್ಲ.

ರೈಲು, ಕೇತಿ ಕಣಿವೆ, ಚಹಾ

ಎರಡನೇ ದಿನ ಬೆಳಿಗ್ಗೆ ಸಸ್ಯೋದ್ಯಾನ ನೋಡಿದೆವು. 1848ರಲ್ಲಿ ರೂಪುಗೊಂಡು, ಮೆಕ್‌ಐವರ್ ಎಂಬವನ ಕೈಯಲ್ಲಿ ಬೆಳೆದ 55 ಎಕರೆಯ ತೋಟ ಅದು. ಕಲ್ಲಾಗಿ ಹೋದ ಮರದ ಕಾಂಡವೊಂದನ್ನು ಅಲ್ಲಿ ಇಟ್ಟಿದ್ದಾರೆ. ಎರಡು ಕೋಟಿ ವರ್ಷ ಹಳೆಯದಂತೆ. ಎರಡನೇ ಹಂಗಾಮಿನ ಹೂಗಳು ಕುಂಡಗಳಲ್ಲಿ ಅರಳಿದ್ದವು. ಫರ್ನ್‌ಹಿಲ್‌ನಲ್ಲಿ ನಮ್ಮ ಕರ್ನಾಟಕ ತೋಟಗಾರಿಕೆ ಇಲಾಖೆಯದೇ 38 ಎಕರೆಯ ಉದ್ಯಾನವಿದೆ. ಕನ್ನಡಿಗರು ಅದನ್ನು ನೋಡದೆ ಬರಬಾರದು.

ಮಧ್ಯಾಹ್ನ ಬೆಟ್ಟದ ರೈಲಿನಲ್ಲಿ ಕುನ್ನೂರಿಗೆ ಹೊರಟೆವು. ಮೆಟ್ಟುಪಾಳ್ಯದಿಂದ ಕುನ್ನೂರಿಗೆ 1899ರಲ್ಲಿ ಓಡಲಾರಂಭಿಸಿದ ಈ ರೈಲು 1908ರಲ್ಲಿ ಊಟಿಗೆ ಮುಟ್ಟಿತು. ಒಟ್ಟು 46 ಕಿಲೋಮೀಟರ್ ದಾರಿ. ಕುನ್ನೂರಿನಿಂದ ಕೆಳಗೆ, ಹನ್ನೆರಡು ಅಡಿಗೆ ಒಂದಡಿ ಏರುವಷ್ಟು ಕಡಿದಾದ ಜಾಗದಲ್ಲಿ, ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಹಿಡಿದು ಹತ್ತುತ್ತದೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಲವ್‌ಡೇಲ್ ದಾಟಿದ ಮೇಲೆ ಕೇತಿ ಕಣಿವೆ ತೆರೆದುಕೊಳ್ಳುತ್ತದೆ. ಕೆಳಗೆ ಬಡಗರ ಹಟ್ಟಿಗಳು, ಸುತ್ತ ತರಕಾರಿ ಮಡಿಗಳು, ಮೇಲೆಲ್ಲ ಚಹಾ. ನಮ್ಮ ಎದುರಿನ ಬೆಂಚಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎರಡೆಕರೆಯ ಚಹಾ ಬೆಳೆಗಾರರು. ಅವರ ಬಡಗ ಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ನಿಧಾನವಾಗಿ ಆಡಿದರೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಅವರಪ್ಪನ ಕಾಲದಲ್ಲಿ ರಾಗಿ, ಸಾಮೆ, ಆಲೂಗೆಡ್ಡೆ, ಎಮ್ಮೆ ಎಲ್ಲ ಇದ್ದವಂತೆ. ಚಹಾಕ್ಕೆ ಬೆಲೆ ಬಂದಾಗ ಒಂದೊಂದಾಗಿ ಬಿಟ್ಟು ಎಲ್ಲವನ್ನೂ ಚಹಾ ಮಾಡಿದರು. ಹಿಂದೆ ನೀಲಗಿರಿ ಚಹಾಕ್ಕೆ ಸೋವಿಯತ್ ರಷ್ಯಾ ದೊಡ್ಡ ಗಿರಾಕಿಯಾಗಿತ್ತು. ಆ ಮಾರುಕಟ್ಟೆ ಹೋಯಿತು. 1990ರ ದಶಕ ಮುಗಿಯುವ ಹೊತ್ತಿಗೆ ಹಸಿರೆಲೆಯ ಬೆಲೆಯೂ ಬಿತ್ತು. ನ್ಯಾಯವಾದ ಬೆಲೆ ಬೇಕೆಂದು 2023ರಲ್ಲಿ ಕೂಡ ಅಲ್ಲಿನ ಸಣ್ಣ ಬೆಳೆಗಾರರು ಉಪವಾಸ ಕುಳಿತರು.

ಆ ಹಿರಿಯರು ಎಲೆ ಕೊಡುವುದು ಸಹಕಾರಿ ಕಾರ್ಖಾನೆಗೆ. ನೀಲಗಿರಿಯ ಮೊದಲ ಸಹಕಾರಿ ಚಹಾ ಕಾರ್ಖಾನೆ 1962ರಲ್ಲಿ ಕುಂದಾದಲ್ಲಿ ಆರಂಭವಾಯಿತು. ಅಂಥ ಕಾರ್ಖಾನೆಗಳೆಲ್ಲ ಸೇರಿದ ಒಕ್ಕೂಟವೇ ಇಂಡ್ಕೋಸರ್ವ್. ಅಡಿಕೆ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ನಮ್ಮ ಕಡೆ ಕ್ಯಾಂಪ್ಕೊ ಹುಟ್ಟಿದ್ದನ್ನು ಮೇಷ್ಟ್ರು ಅವರಿಗೆ ಹೇಳಿದರು. ಹಿರಿಯರು ತಲೆದೂಗಿ, ಸೊಸೈಟಿ ಇಲ್ಲದಿದ್ದರೆ ತಾವು ಚಹಾ ಕಿತ್ತೇ ಹಾಕುತ್ತಿದ್ದೆವು ಎಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: ಸೊಸೈಟಿ ಎಲೆ ತೆಗೆದುಕೊಳ್ಳಬಹುದು, ಆದರೆ ಚಹಾ ಹಾಕಲು ಹಟ್ಟಿಯ ಕೆಳಗಿನ ಜೌಗು ಬಸಿದು ಒಣಗಿಸಿದೆವಲ್ಲ, ಆ ಒರತೆಯನ್ನು ವಾಪಸು ಕೊಡಲಾರದು. ಈಗ ಬೇಸಿಗೆಯಲ್ಲಿ ಅವರ ಹಟ್ಟಿಗೆ ಲಾರಿಯಲ್ಲಿ ನೀರು ಬರುತ್ತದಂತೆ.

ಮೇಷ್ಟ್ರ ಲೆಕ್ಕ

ಆ ರಾತ್ರಿ ಊಟವಾದ ಮೇಲೆ, ಕಂಬಳಿ ಹೊದ್ದು ಕುಳಿತಾಗ ಕೊಪ್ಪದ ಮಿತ್ರರೇ ಮಾತು ತೆಗೆದರು. “ಮೇಷ್ಟ್ರೇ, ನನ್ನ ಕೆರೆ ಲೆಕ್ಕ ಒಮ್ಮೆ ಮಾಡಿ ನೋಡುವ.” ಮೇಷ್ಟ್ರು ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ಬರೆದ ಲೆಕ್ಕವನ್ನು ಹಾಗೆಯೇ ಇಲ್ಲಿ ಕೊಡುತ್ತಿದ್ದೇವೆ. ಹಳೆಯ ಕೆರೆಯಿರುವ ಯಾವ ಬೆಳೆಗಾರನಿಗೂ ಇದು ಉಪಯೋಗವಾದೀತು.

ಒಂದೆಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಲ್ಲಿಂದ ಒಂದು ಮೀಟರ್ ಹೂಳು ತೆಗೆದರೆ ಹೆಚ್ಚಾಗಿ ನಿಲ್ಲುವ ನೀರು ಸುಮಾರು 40 ಲಕ್ಷ ಲೀಟರ್. ಬಿಸಿಲಿಗೆ ಆರಿ, ನೆಲಕ್ಕೆ ಇಂಗಿ ಅರ್ಧ ಹೋಯಿತೆಂದು ಇಟ್ಟುಕೊಂಡರೂ 20 ಲಕ್ಷ ಕೈಗೆ ಸಿಗುತ್ತದೆ. ಒಂದೆಕರೆಗೆ ಒಂದಂಗುಲ ನೀರು ಕೊಡಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಮಿತ್ರರ ನಾಲ್ಕೆಕರೆ ರೋಬಸ್ಟಾಕ್ಕೆ ಹೂವಿಗೆ ಒಂದೂವರೆ ಅಂಗುಲ, ಆಮೇಲಿನ ಸಲಕ್ಕೆ ಒಂದಂಗುಲ ಎಂದರೆ ಹತ್ತು ಲಕ್ಷ. ಉಳಿದ ಹತ್ತು ಲಕ್ಷದಲ್ಲಿ ಅವರ ಹಳೆಯ ಎರಡೆಕರೆ ಅಡಿಕೆಗೆ, ಮರಕ್ಕೆ ದಿನಕ್ಕೆ 20 ಲೀಟರಿನಂತೆ ಹನಿ ನೀರಾವರಿಯಲ್ಲಿ ಕೊಟ್ಟರೆ, ಒಂದೂವರೆ ತಿಂಗಳು ಬರುತ್ತದೆ.

ಇನ್ನು ಕೆರೆ ಮುಚ್ಚಿ ಅಡಿಕೆ ಹಾಕಿದರೆ? ಫಲಕ್ಕೆ ಬಂದ ಮರಕ್ಕೆ ಬೇಸಿಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ 175 ಲೀಟರ್ ಕೊಡಬೇಕೆಂಬುದು ವಿಜ್ಞಾನಿಗಳ ಶಿಫಾರಸು. 550 ಮರಕ್ಕೆ ಒಂದು ಸಲಕ್ಕೆ 96,000 ಲೀಟರ್. ನಾಲ್ಕು ದಿನಕ್ಕೊಮ್ಮೆ ಎಂದರೆ ಮಾರ್ಚಿನಿಂದ ಮೇ ತನಕ 22 ಲಕ್ಷ. ಹನಿ ನೀರಾವರಿಯಾದರೆ ಹತ್ತು ಲಕ್ಷಕ್ಕೆ ಇಳಿದೀತು. ಅಂದರೆ 20 ಲಕ್ಷ ಲೀಟರಿನ ಆದಾಯ ಕಳೆದುಕೊಂಡು, ಅದರ ಮೇಲೆ ಹತ್ತರಿಂದ 22 ಲಕ್ಷದ ಹೊಸ ಖರ್ಚು. ಎಲ್ಲವೂ ಒಂದು ಬೋರ್‌ವೆಲ್ಲಿನ ತಲೆಯ ಮೇಲೆ. ಅಲ್ಲದೆ ಅಡಿಕೆಗೆ ಬೇರಿನಲ್ಲಿ ನೀರು ನಿಂತರೆ ಆಗದು. ಗುಡ್ಡದ ನೀರೆಲ್ಲ ಇಳಿದು ಬರುವ ಕೆರೆ ಅಂಗಳದಲ್ಲಿ ಆಳವಾದ ಬಸಿಗಾಲುವೆ ತೆಗೆಯದೆ ತೋಟ ಏಳುವುದಿಲ್ಲ.

ಕೊಪ್ಪದ ಮಿತ್ರರು ಸುಲಭಕ್ಕೆ ಒಪ್ಪುವವರಲ್ಲ. “ಲೆಕ್ಕ ಸರಿ ಮೇಷ್ಟ್ರೇ. ಆದರೆ ನಾಲ್ಕು ಸಾವಿರ ಘನ ಮೀಟರ್ ಹೂಳು ಅಂದ್ರೆ ಟಿಪ್ಪರಿನಲ್ಲಿ ಸಾವಿರ ಲೋಡು. ಯಾರಪ್ಪ ಕೊಡ್ತಾನೆ?” ಈ ಪ್ರಶ್ನೆ ನ್ಯಾಯವಾದದ್ದೇ. ಮೆಣಸಿನ ಮಿತ್ರರು ತಮ್ಮ ಮನೆಯಲ್ಲಿ ಮಾಡಿದ್ದನ್ನು ಹೇಳಿದರು. ಒಂದೇ ವರ್ಷಕ್ಕೆ ಕೈ ಹಾಕದೆ, ಬೇಸಿಗೆಗೆ ಕಾಲು ಭಾಗದಂತೆ ನಾಲ್ಕು ವರ್ಷದಲ್ಲಿ ತೆಗೆಸಿದರಂತೆ. ಹೂಳನ್ನು ದೂರ ಸಾಗಿಸದೆ ತಮ್ಮ ತೋಟಕ್ಕೇ ಹಾಕಿದ್ದರಿಂದ ಸಾಗಾಣಿಕೆಯೂ ಉಳಿಯಿತು, ಹೊಸ ಮಣ್ಣು ಕೊಳ್ಳುವ ಖರ್ಚೂ ತಪ್ಪಿತು. ಜೊತೆಗೆ ಗುಡ್ಡದಿಂದ ಹೂಳು ಬರುವ ಬಾಯಲ್ಲಿ ಒಂದು ಇಂಗುಗುಂಡಿ ತೋಡಿಸಿ, ಅದನ್ನು ಮಾತ್ರ ವರ್ಷಕ್ಕೊಮ್ಮೆ ಆಳಿನಿಂದ ಬಳಿಸುತ್ತಾರೆ.

ರಾತ್ರಿ ಹನ್ನೊಂದಾಗಿತ್ತು. ತೀರ್ಮಾನವೇನೂ ಆಗಲಿಲ್ಲ. ಮರುದಿನ ದೊಡ್ಡಬೆಟ್ಟ ಹತ್ತಿ, 2,637 ಮೀಟರ್ ಎತ್ತರದಲ್ಲಿ ನಿಂತು ಮಂಜನ್ನು ಬಿಟ್ಟು ಬೇರೇನನ್ನೂ ಕಾಣದೆ, ನಗುತ್ತ ಇಳಿದು ಊರಿನ ದಾರಿ ಹಿಡಿದೆವು.

ಇದನ್ನು ಬರೆಯುವ ಹೊತ್ತಿಗೆ ಬಂದಿರುವ ಸುದ್ದಿಯೆಂದರೆ, ಕೊಪ್ಪದ ಮಿತ್ರರು ಐನೂರೈವತ್ತು ಸಸಿಯನ್ನು ಇನ್ನೂರಕ್ಕೆ ಇಳಿಸಿದ್ದಾರೆ. ಅವು ಹಳೆಯ ತೋಟದಲ್ಲಿ ಎಡೆಸಸಿಯಾಗಿ ಹೋಗುತ್ತವೆ. ಕೆರೆಯ ಕಾಲು ಭಾಗಕ್ಕೆ ಎಷ್ಟಾಗುತ್ತದೆ ಎಂದು ಜೆಸಿಬಿಯವರನ್ನು ಕೇಳಿದ್ದಾರೆ. ಹೇಳಿದ ದರ ಹೆಚ್ಚಾಯಿತೆಂದು ಚೌಕಾಸಿ ನಡೆದಿದೆ.

ಹೋಗುವವರಿಗೆ ನಾಲ್ಕು ಮಾತು

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮೈಸೂರಿನಲ್ಲಿ ತಂಗಿ ಬೆಳಿಗ್ಗೆ ಹೊರಡುವುದು ಉತ್ತಮ. 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ನಿಯಮ ಬಂದಿದೆ. ಮನೆಯಲ್ಲಿರುವ ಮಕ್ಕಳಿಗೆ ಹೇಳಿ ಮೊಬೈಲಿನಲ್ಲೇ ಮಾಡಿಸಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯಬೇಡಿ, ತಪಾಸಣೆಯಲ್ಲಿ ತೆಗೆದುಕೊಳ್ಳುತ್ತಾರೆ; ಸ್ಟೀಲಿನ ಹೂಜಿ ಇರಲಿ. ರೈಲಿನ ಟಿಕೆಟನ್ನು ಮುಂಚೆಯೇ ಕಾದಿರಿಸಿ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ಕೋಣೆಯೂ ಅಗ್ಗ, ಕೆರೆಯ ದಂಡೆಯೂ ಖಾಲಿ. ಸ್ವೆಟರ್ ಮರೆಯಬೇಡಿ.

ಸದಸ್ಯ ಬಂಧುಗಳಲ್ಲಿ ಯಾರಾದರೂ ಹಳೆಯ ಕೆರೆಯ ಹೂಳು ತೆಗೆಸಿದ್ದರೆ, ತಗಲಿದ ಖರ್ಚು, ನಿಂತ ನೀರು, ಹೂಳು ಹಾಕಿದ ತೋಟದ ಸ್ಥಿತಿ ಇವನ್ನು ಬರೆದು ಪತ್ರಿಕೆಗೆ ಕಳುಹಿಸಬೇಕಾಗಿ ಕೋರುತ್ತೇವೆ. ಕೊಪ್ಪದಲ್ಲಿ ಒಬ್ಬರಾದರೂ ಅದನ್ನು ಕಾದು ಓದುವವರಿದ್ದಾರೆ.