ನಿಮಗಿದು ಗೊತ್ತೆ? ಮಗುವಿನ ವಾರ ಲೆಕ್ಕ ಹಾಕುವ ‘ಗರ್ಭಿಣಿ’

‘ಕೊನೆಯ ಸಲ ಮುಟ್ಟಾಗಿದ್ದು ಯಾವಾಗಮ್ಮ?’ ಎಂದು ಡಾಕ್ಟರು ಕೇಳಿದರೆ ‘ಗೌರಿ ಹಬ್ಬದ ಆಸುಪಾಸು ಮೇಡಂ’ ಎನ್ನುವ ಬಸುರಿಯರು ಈಗಲೂ ಇದ್ದಾರೆ. ಮೊದಲ ಮೂರು ತಿಂಗಳಲ್ಲೇ ಸ್ಕ್ಯಾನಿಂಗ್ ಆದರೆ ಭ್ರೂಣದ ವಯಸ್ಸು ಸರಿಯಾಗಿ ಸಿಗುತ್ತದೆ. ಐದೋ ಆರೋ ತಿಂಗಳಿಗೆ ಮೊದಲ ಸಲ ಆಸ್ಪತ್ರೆ ಮೆಟ್ಟಿಲು ಹತ್ತಿದವರ ಗತಿ?

ಆಗ ಮಗುವಿನ ತಲೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ನೋಡಿ ವಾರಗಳನ್ನು ಅಂದಾಜಿಸುತ್ತಾರೆ. ಅದಕ್ಕೆ ಬಳಸುವ ‘ಹ್ಯಾಡ್‌ಲಾಕ್’ ಸೂತ್ರ ಅಮೆರಿಕದ ಗರ್ಭಿಣಿಯರ ಅಳತೆಯಿಂದ ಹುಟ್ಟಿದ್ದು. ನಮ್ಮ ಮಕ್ಕಳ ಮೈಕಟ್ಟೇ ಬೇರೆ.

ಐಐಟಿ ಮದ್ರಾಸ್ ಮತ್ತು ಫರಿದಾಬಾದ್‌ನ ಟಿಎಚ್‌ಎಸ್‌ಟಿಐ ಸಂಸ್ಥೆಯ ಸಂಶೋಧಕರು ಕೃತಕ ಬುದ್ಧಿಮತ್ತೆ ಬಳಸಿ ‘ಗರ್ಭಿಣಿ-ಜಿಎ2’ ಎಂಬ ಭಾರತೀಯ ಮಾದರಿಯನ್ನೇ ರೂಪಿಸಿ 2024ರಲ್ಲಿ ಪ್ರಕಟಿಸಿದರು. ಇದರ ಬೆನ್ನೆಲುಬು ಗುರುಗ್ರಾಮದ ಸರ್ಕಾರಿ ಆಸ್ಪತ್ರೆಗೆ ಬಂದ ತಾಯಂದಿರ ಸ್ಕ್ಯಾನಿಂಗ್ ಮಾಹಿತಿ. ಹಳೆಯ ಸೂತ್ರಕ್ಕೆ ಹೋಲಿಸಿದರೆ ತಪ್ಪು ಸುಮಾರು ಮೂರು ಪಟ್ಟು ಕಡಿಮೆ ಎನ್ನುತ್ತಾರೆ ಸಂಶೋಧಕರು.

ಒಂದು ವಾರದ ವ್ಯತ್ಯಾಸ ಸಣ್ಣದಲ್ಲ. ದಿನ ತುಂಬಿದೆಯೋ ಇಲ್ಲವೋ, ಹೆರಿಗೆ ನೋವು ಬರಿಸಬೇಕೋ ಕಾಯಬೇಕೋ ಎಂಬ ನಿರ್ಧಾರವೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆಯೇ.