ನಿಮಗಿದು ಗೊತ್ತೆ? ಕಾಡುಪ್ರಾಣಿ ರಸ್ತೆ ದಾಟಲೂ ಸರ್ಕಾರದ ಹಣವುಂಟು

ಕಾಡುಪ್ರಾಣಿಗಳು ಹೆದ್ದಾರಿ ದಾಟುವ ಸೇತುವೆ, ಸುರಂಗಗಳಿಗೆಂದೇ ಅಮೆರಿಕ 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಐದು ವರ್ಷಕ್ಕೆ 35 ಕೋಟಿ ಡಾಲರ್ ತೆಗೆದಿಟ್ಟಿತು. ನಮ್ಮ ದೇಶದಲ್ಲೂ ಇಂಥ ಕೆಲಸ ನಡೆದಿದೆ. ಮಹಾರಾಷ್ಟ್ರದ ಪೆಂಚ್ ಹುಲಿ ಕಾಡು ಸೀಳುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಪ್ರಾಣಿಗಳಿಗಾಗಿ ಒಂಬತ್ತು ಕೆಳದಾರಿಗಳಿವೆ. ಒಂದರ ಉದ್ದ 750 ಮೀಟರ್. ಮೇಲೆ ಲಾರಿಗಳು ಓಡುವಾಗ ಕೆಳಗೆ ಹುಲಿ, ಚುಕ್ಕೆ ಜಿಂಕೆ, ಸೀಳುನಾಯಿ ನಡೆದುಹೋಗುವುದನ್ನು ಭಾರತೀಯ ವನ್ಯಜೀವಿ ಸಂಸ್ಥೆಯ ಕ್ಯಾಮೆರಾಗಳು ಸೆರೆಹಿಡಿದಿವೆ.

ಬಂಡೀಪುರದ್ದು ಬೇರೆ ದಾರಿ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. 2018ರಲ್ಲಿ ಕೇಂದ್ರ ಸರ್ಕಾರ ಐದು ಕಡೆ ತಲಾ ಒಂದು ಕಿ.ಮೀ. ಮೇಲ್ಸೇತುವೆ ಸೂಚಿಸಿದಾಗ ಕರ್ನಾಟಕ ಒಪ್ಪಲಿಲ್ಲ. ಅದು ಸರಿಯಾದ ನಿಲುವೇ: ರಾತ್ರಿ ಗೇಟು ಹಾಕಲು ಖರ್ಚು ಕಡಿಮೆ, ಕಾಡಿಗೆ ನೆಮ್ಮದಿ ಹೆಚ್ಚು.

ಬಾಗಲಕೋಟೆ ಜಿಲ್ಲೆಗೂ ಇದು ದೂರದ ಮಾತಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ 2016ರಲ್ಲಿ ಚಿಂಕಾರ ವನ್ಯಧಾಮವಾಯಿತು. ಬನಶಂಕರಿ ಜಾತ್ರೆಗೆ ಗಾಡಿಗಳು ಸಾಲುಗಟ್ಟುವ ಚೊಳಚಗುಡ್ಡದ ಸುತ್ತಲ ಗುಡ್ಡಗಳಲ್ಲೂ ನರಿ, ಮೊಲಗಳಿವೆ. ಅವಕ್ಕೆ ದೊಡ್ಡ ಸೇತುವೆ ಬೇಕಿಲ್ಲ. ರಸ್ತೆ ಅಗಲಿಸುವಾಗ ಹಳ್ಳದ ಮೋರಿಗಳನ್ನು ಪ್ರಾಣಿ ನುಸುಳುವಷ್ಟು ಎತ್ತರವಾಗಿ, ಒಣ ಅಂಚು ಬಿಟ್ಟು ಕಟ್ಟಬೇಕು. ಆ ವೆಚ್ಚ ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಸೇರಬೇಕು.