ಗುಬ್ಬಿ: ಸಂತೆಯ ಊರಿಗೆ ಬಂದ ರೈಲು

ಅಮೆರಿಕದ ಮಧ್ಯಪಶ್ಚಿಮದ ಬಯಲುಗಳಲ್ಲಿ ಊರುಗಳು ಹುಟ್ಟಿದ ಬಗೆ ವಿಚಿತ್ರವಾದುದು. ಅಲ್ಲಿ ಅನೇಕ ಕಡೆ ಮೊದಲು ಹಳಿ ಬಂದಿತು. ಹಳಿಯ ಪಕ್ಕದಲ್ಲಿ ನಿಲ್ದಾಣವೆದ್ದಿತು. ರೈಲ್ವೆ ಕಂಪನಿಯವರು ನೆಲವನ್ನು ಅಳೆದು ಮಾರಿದರು. ಅಂಗಡಿ, ಶಾಲೆ, ಇಗರ್ಜಿಗಳು ಆಮೇಲೆ ಬಂದವು. ನಮ್ಮ ತುಮಕೂರು ಸೀಮೆಯಲ್ಲಿ ನಡೆದುದು ಇದಕ್ಕೆ ತಿರುವುಮುರುವು. ಇಲ್ಲಿ ಊರು ಮೊದಲು, ರೈಲು ಆಮೇಲೆ. ಇದಕ್ಕೆ ಗುಬ್ಬಿಗಿಂತ ಒಳ್ಳೆಯ ನಿದರ್ಶನವನ್ನು ಅರಸಬೇಕಾಗಿಲ್ಲ.

ಹತ್ತಿರದ ಹೊಸಹಳ್ಳಿಯ ಗೌಡರು ಗುಬ್ಬಿಯನ್ನು ಕಟ್ಟಿಸಿದರೆಂಬ ಐತಿಹ್ಯವನ್ನು ಲೂಯಿ ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಹದಿನಾರನೆಯ ಶತಮಾನದಲ್ಲಿ 'ಭಾವಚಿಂತಾರತ್ನ'ವನ್ನು ರಚಿಸಿದ ಮಲ್ಲಣಾರ್ಯನ ಹೆಸರಿನೊಡನೆ ಈ ಊರಿನ ಹೆಸರೂ ಸಾಹಿತ್ಯ ಚರಿತ್ರೆಯಲ್ಲಿ ಸೇರಿಹೋಗಿದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಗುಬ್ಬಿಯ ವ್ಯಾಪಾರವನ್ನು ಕಣ್ಣಾರೆ ಕಂಡು ಬರೆದನು. ಅಡಕೆ, ಕೊಬ್ಬರಿ, ಬಟ್ಟೆ, ಕಂಬಳಿಗಳ ವಹಿವಾಟು. ಗೋಸಲ ಚನ್ನಬಸವೇಶ್ವರನ ಜಾತ್ರೆ. ಎತ್ತಿನ ಗಾಡಿಗಳ ಸಾಲು: ಉಗಿಬಂಡಿಯ ಸದ್ದು ಕೇಳುವುದಕ್ಕೆ ಬಹು ಮುಂಚೆಯೇ ಇವೆಲ್ಲ ಇಲ್ಲಿ ಇದ್ದುವು.

ರೈಲನ್ನು ಕರೆತಂದುದು ಒಂದು ದುರಂತದ ನೆನಪು. 1876–78ರ ಮಹಾಕ್ಷಾಮದಲ್ಲಿ ಧಾನ್ಯವು ಬೆಂಗಳೂರಿನ ನಿಲ್ದಾಣದವರೆಗೆ ಬಂದರೂ ಒಳನಾಡಿಗೆ ಸಾಗಿಸುವುದು ದುಸ್ತರವಾಯಿತು. ಆ ಪಾಠವನ್ನು ಸಂಸ್ಥಾನವು ಮರೆಯಲಿಲ್ಲ. 1884ರಲ್ಲಿ ಹಳಿಯು ಬೆಂಗಳೂರಿನಿಂದ ತುಮಕೂರಿಗೂ ಅಲ್ಲಿಂದ ಗುಬ್ಬಿಗೂ ಬಂದಿತು. 1889ರ ವೇಳೆಗೆ ಹರಿಹರವನ್ನು ಮುಟ್ಟಿತು.

ಅದೇ 1884ರಲ್ಲಿಯೇ ಗುಬ್ಬಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಚಂದಣ್ಣನವರೂ ಅವರ ಗೆಳೆಯರೂ ಕೂಡಿ ಚನ್ನಬಸವೇಶ್ವರನ ಹೆಸರಿನಲ್ಲಿ ಒಂದು ನಾಟಕ ಸಂಘವನ್ನು ಕಟ್ಟಿದರು. ರೈಲು ಬಂದುದರಿಂದಲೇ ನಾಟಕ ಹುಟ್ಟಿತೆಂದು ಹೇಳುವುದು ಆತುರದ ಮಾತಾದೀತು. ಸಂತೆ, ಜಾತ್ರೆಗಳಿಂದ ಜನ ಸೇರುವ ರೂಢಿಯೂ, ಕಲೆಗೆ ಕೈ ನೀಡುವ ಅನುಕೂಲಸ್ಥರೂ ಊರಿನಲ್ಲಿ ಮೊದಲೇ ಇದ್ದುದರಿಂದಲ್ಲವೆ ಸಂಘ ಹುಟ್ಟಿದುದು? ಆದರೆ ಪರದೆ, ಪೆಟ್ಟಿಗೆ, ಪರಿವಾರಗಳೊಡನೆ ಊರೂರು ಸುತ್ತಬೇಕಾದ ಕಂಪನಿಗೆ ಹಳಿಯು ಎಷ್ಟು ದೊಡ್ಡ ಆಸರೆಯೆಂಬುದನ್ನು ಓದುಗರೇ ಊಹಿಸಬಹುದು. ಬಾಲ್ಯದಲ್ಲಿಯೇ ಅದನ್ನು ಸೇರಿದ ವೀರಣ್ಣನವರು (1891–1972) 1917ರಲ್ಲಿ ಅದರ ಒಡೆತನ ವಹಿಸಿಕೊಂಡರು; 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ರಾಜ್‌ಕುಮಾರ್, ಬಿ. ವಿ. ಕಾರಂತರಂಥವರಿಗೆ ಆ ಕಂಪನಿಯೇ ಪಾಠಶಾಲೆಯಾಯಿತು. ಸಣ್ಣ ಊರೊಂದರ ಹೆಸರು ಕನ್ನಡನಾಡಿನ ಮನೆಮಾತಾಯಿತು.

ರೈಲಿಲ್ಲದೆ ಊರು ಬಾಳಲಾರದೆ? ಈ ಪ್ರಶ್ನೆಗೆ ಪಕ್ಕದ ಕುಣಿಗಲ್ಲೇ ಉತ್ತರ. ದೊಡ್ಡಕೆರೆಯೂ ಕುದುರೆ ಫಾರಮ್ಮೂ ಅದಕ್ಕೆ ಹೆಸರು ತಂದುವು. ಎಡೆಯೂರಿನ ಸಿದ್ಧಲಿಂಗೇಶ್ವರನ ಗದ್ದುಗೆ ಅದೇ ತಾಲ್ಲೂಕಿನಲ್ಲಿದೆ. ಬೆಂಗಳೂರು–ಹಾಸನ ಮಾರ್ಗ 2017ರಲ್ಲಿ ತೆರೆಯುವವರೆಗೆ, ಎಂದರೆ ಗುಬ್ಬಿಗಿಂತ 133 ವರ್ಷ ತಡವಾಗಿ, ರೈಲು ಬರುವವರೆಗೆ ಕುಣಿಗಲ್ಲು ತನ್ನ ಕಾಲಮೇಲೆಯೇ ನಿಂತಿತ್ತು.

ಹಳಿಯು ಊರಿಗೆ ವೇಗವನ್ನು ಕೊಡಬಲ್ಲುದು, ಸತ್ತ್ವವನ್ನು ಕೊಡಲಾರದು. ಆ ಸತ್ತ್ವದ ಕುರುಹುಗಳು ಮಂಡಿಯ ಹಳೆಯ ಲೆಕ್ಕದ ಪುಸ್ತಕಗಳಲ್ಲಿ, ನಾಟಕದ ಕರಪತ್ರಗಳಲ್ಲಿ, ಹಿರಿಯರ ನಾಲಗೆಯ ಮೇಲೆ ಉಳಿದಿರುತ್ತವೆ. ಕಾಗದವನ್ನು ಗೆದ್ದಲು ತಿನ್ನುತ್ತದೆ. ಹಿರಿಯರು ಕಾಲಕ್ಕೆ ಸಲ್ಲುತ್ತಾರೆ. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಯು ಒಂದು ಬರಿಯ ನೋಟ್‌ಬುಕ್ಕನ್ನು ಜೊತೆಗೊಯ್ದು, ತನ್ನ ಬೀದಿಗೆ ಆ ಹೆಸರು ಹೇಗೆ ಬಂದಿತೆಂದು ಅಜ್ಜನನ್ನು ಕೇಳಿ ಬರೆದುಕೊಂಡರೆ ಸಾಕು. ಊರಿನ ಚರಿತ್ರೆಯ ಮೊದಲ ಪುಟ ಸಿದ್ಧವಾದಂತೆಯೇ.